ದೊಡ್ಡವ್ವ ಸುಣ್ಣ ಹೊಡೆದ ಚಿತ್ರ

ನನ್ನ ಮೊದಲ ಚಿತ್ರಪ್ರದರ್ಶನಕ್ಕೆ ಮೂರು ದಿನ ಇರುವಾಗ ನಮ್ಮ ದೊಡ್ಡವ್ವ ಅದರ ಮುಖ್ಯ ಚಿತ್ರಕ್ಕೆ ಸುಣ್ಣ ಹೊಡೆದುಬಿಟ್ಟಳು. ಮಾತಿಗೆ ಹೇಳುತ್ತಿಲ್ಲ. ನಿಜವಾದ ಸುಣ್ಣ, ನಿಜವಾದ ನಾರಿನ ಕುಂಚ, ಸಾಲದ್ದಕ್ಕೆ ಕೆಳಗೊಂದು ಕೆಮ್ಮಣ್ಣಿನ ಪಟ್ಟಿ. ಈಗ ಇದನ್ನು ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ, ನಾನೂ ನಗುತ್ತೇನೆ. ಅವತ್ತು ಮಾತ್ರ ನಗು ಬಂದಿರಲಿಲ್ಲ.

ನಾನು ಮದ್ದೂರಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಹತ್ತು ವರ್ಷದಿಂದ ಊರಿನವರಿಗೆಲ್ಲ ನಾನು ಡ್ರಾಯಿಂಗ್ ಮಿಸ್ಸು. ಶಾಲೆಯ ವಾರ್ಷಿಕೋತ್ಸವದ ಪರದೆ ಬರೆಯಲು ನಾನು, ರಂಗೋಲಿ ಸ್ಪರ್ಧೆಗೆ ಬಹುಮಾನ ಆರಿಸಲು ನಾನು, ಯಾರದೋ ಮದುವೆಗೆ ಥರ್ಮೋಕೋಲಿನಲ್ಲಿ ಹೆಸರು ಕೊರೆದುಕೊಡಲೂ ನಾನೇ. ಅದನ್ನೆಲ್ಲ ಬೇಸರವಿಲ್ಲದೆ ಮಾಡಿದ್ದೇನೆ. ಆದರೆ ಶನಿವಾರ ಮಧ್ಯಾಹ್ನ ಆಯಿತೆಂದರೆ ಮಳವಳ್ಳಿ ಕಡೆಯ ನಮ್ಮ ಹಳ್ಳಿಗೆ ಬಸ್ಸು ಹತ್ತುತ್ತಿದ್ದೆ. ಎಮ್ಮೆಗಳನ್ನು ಮಾರಿದ ಮೇಲೆ ದೊಡ್ಡವ್ವನ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅಲ್ಲಿ ಕೂತು ನನಗೆ ಬೇಕಾದದ್ದನ್ನು ಬರೆಯುತ್ತಿದ್ದೆ. ಆ ಚಿತ್ರಗಳನ್ನು ದೊಡ್ಡವ್ವ ಮತ್ತು ಅವಳ ಕೋಳಿಗಳು ಬಿಟ್ಟರೆ ಬೇರೆ ಯಾರೂ ನೋಡಿರಲಿಲ್ಲ.

ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಅವ್ವ ಗದ್ದೆಗೆ ಹೋಗುತ್ತಿದ್ದಳು, ನಾನು ದೊಡ್ಡವ್ವನ ಸೊಂಟದ ಮೇಲೇ ಬೆಳೆದೆ. ಪ್ರತಿ ವರ್ಷ ಯುಗಾದಿಗೆ ಮುಂಚೆ ಅವಳು ಇಡೀ ಮನೆಗೆ ಸುಣ್ಣ ಹೊಡೆದು, ಗೋಡೆಯ ಬುಡಕ್ಕೆ ಕಾರಣೆ, ಅಂದರೆ ಕೆಮ್ಮಣ್ಣಿನ ಪಟ್ಟಿ, ಎಳೆಯುತ್ತಿದ್ದಳು. ಕೆಮ್ಮಣ್ಣು ಕಲಸಿದ ಕರಟ ಹಿಡಿದುಕೊಂಡು ಜೊತೆಜೊತೆಗೆ ಸರಿಯುವುದು ನನ್ನ ಕೆಲಸ. ದಾರ ಕಟ್ಟುವುದಿಲ್ಲ, ಕೋಲು ಇಡುವುದಿಲ್ಲ, ಆ ಕೈ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸುಮ್ಮನೆ ಸಾಗಿಬಿಡುತ್ತಿತ್ತು. "ಉಸ್ರು ಬುಡಬ್ಯಾಡ ಕಣಮ್ಮಿ, ಗೆರೆ ಒಡ್ದೋಯ್ತದೆ" ಅನ್ನುತ್ತಿದ್ದಳು. ಕಾಲೇಜು ನನಗೆ ಸರ್ಟಿಫಿಕೇಟು ಕೊಟ್ಟಿತು ನಿಜ. ಕೈ ಕೊಟ್ಟವಳು ಇವಳು. ಈಗಲೂ ಉದ್ದನೆಯ ಗೆರೆ ಎಳೆಯುವಾಗ ನಾನು ಉಸಿರು ಹಿಡಿಯುತ್ತೇನೆ.

ಆ ಮನೆಯ ಜಗಲಿಯ ಗೋಡೆಯಲ್ಲಿ ರೊಟ್ಟಿಯಗಲದ ಒಂದು ಎಣ್ಣೆಯ ಕಲೆ ಇತ್ತು. ದೊಡ್ಡಪ್ಪ ಗದ್ದೆಯಿಂದ ಬಂದವನು ಅಲ್ಲೇ ಕೂತು, ಅಲ್ಲೇ ತಲೆ ಒರಗಿಸುತ್ತಿದ್ದ. ಯುಗಾದಿಗೆ ಬೆಳ್ಳಗಾದ ಗೋಡೆಯಲ್ಲಿ ತಿಂಗಳೊಳಗೆ ಆ ಕಲೆ ಮತ್ತೆ ಎದ್ದು ಬರುತ್ತಿತ್ತು. "ನಿನ್ ತಲೆ ಎಣ್ಣೆಗೆ ನನ್ ಸುಣ್ಣ ಸಾಲಾಕಿಲ್ಲ" ಎಂದು ದೊಡ್ಡವ್ವ ಬೈದರೆ, ಆತ ನಕ್ಕು ಮತ್ತೆ ಅಲ್ಲೇ ಒರಗುತ್ತಿದ್ದ. ದೊಡ್ಡಪ್ಪ ತೀರಿಕೊಂಡ. ಆ ವರ್ಷ ಹಬ್ಬವಿಲ್ಲ, ಗೋಡೆಗೆ ಸುಣ್ಣವೂ ಇಲ್ಲ. ಆಮೇಲೆ ದೊಡ್ಡವ್ವನ ಮಗ, ಅಂದರೆ ನನ್ನ ಅಣ್ಣ, ತನ್ನ ಮದುವೆಗೆಂದು ಗೋಡೆಗೆಲ್ಲ ಸಿಮೆಂಟು ಮೆತ್ತಿಸಿ ತಿಳಿಹಸಿರು ಡಿಸ್ಟೆಂಪರ್ ಹೊಡೆಸಿದ. ಸುಣ್ಣ ಹೋಯಿತು, ಕಾರಣೆ ಹೋಯಿತು, ಕಲೆಯೂ ಹೋಯಿತು. "ಸಂದಾಗೈತೆ" ಎಂದಷ್ಟೇ ಹೇಳಿ ದೊಡ್ಡವ್ವ ಒಳಗೆ ಹೋಗಿದ್ದಳು.

ನಾನು ಬರೆದದ್ದು ಆ ಹಳೆಯ ಗೋಡೆಯನ್ನು. ಸಿಮೆಂಟು ಬೀಳುವ ಮುಂಚೆ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡ ಒಂದು ಫೋಟೋ ಇತ್ತು. ನಾಲ್ಕಡಿ ಅಗಲದ ಕ್ಯಾನ್ವಾಸಿನ ಮೇಲೆ ಗೋಡೆಯ ಬಿರುಕು, ಉದುರಿದ ಚಕ್ಕೆ, ಮೊಳೆಯ ತುಕ್ಕು, ದೀಪದ ಗೂಡಿನ ಮಸಿ, ನಡುವೆ ಆ ಎಣ್ಣೆಯ ಕಲೆ. ಮನುಷ್ಯರು ಯಾರೂ ಇಲ್ಲ. ಒಂದು ವರ್ಷದ ಭಾನುವಾರಗಳು ಅದಕ್ಕೇ ಹೋದವು.

ಮಂಡ್ಯದಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡ ಹಿರಿಯರೊಬ್ಬರಿದ್ದಾರೆ, ತಾವೂ ಚಿತ್ರ ಬರೆಯುತ್ತಾರೆ. ನಾನು ಅವರನ್ನು ಮೇಷ್ಟ್ರೇ ಅನ್ನುತ್ತೇನೆ. ನನ್ನ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ, ಅಂಗಡಿಯ ಮೇಲಿನ ಹಾಲಿನಲ್ಲಿ ಪ್ರದರ್ಶನ ಮಾಡು ಎಂದರು. "ಆ ಗೋಡೆ ಮುಂದ್ಗಡೆ ಇರ್ಲಿ ಕಣಮ್ಮ. ಮಿಕ್ಕಿದ್ದೆಲ್ಲ ಅದ್ರ ಹಿಂದೆ ಬತ್ತವೆ" ಎಂದರು. ಡ್ರಾಯಿಂಗ್ ಮಿಸ್ಸಿಗಿಂತ ಒಂದು ಮೆಟ್ಟಿಲು ಮೇಲೆ ನನ್ನನ್ನು ನಿಲ್ಲಿಸುವ ಚಿತ್ರ ಇದೊಂದೇ ಎಂದು ನನಗೂ ಗೊತ್ತಿತ್ತು.

ಪ್ರದರ್ಶನ ಭಾನುವಾರ. ಗುರುವಾರ ರಜೆ ಹಾಕಿ ಚಿತ್ರಗಳನ್ನು ತರಲು ಊರಿಗೆ ಹೋದೆ. ಕೊಟ್ಟಿಗೆಯ ಬಾಗಿಲಲ್ಲಿ ದೊಡ್ಡವ್ವ ಕೈಯೆಲ್ಲ ಕೆಂಪು ಮಾಡಿಕೊಂಡು ನಿಂತಿದ್ದಳು.

"ಬಾಮ್ಮಿ, ನೋಡು. ಈಗ ಒಂದು ಗೋಡೆ ಅನ್ನಂಗಾಯ್ತು."

ಎಲೆಯಡಿಕೆಗೆ ಇಟ್ಟುಕೊಂಡ ಸುಣ್ಣವನ್ನೇ ನೀರು ಮಾಡಿ ಹೊಡೆದಿದ್ದಳು. ಸುಣ್ಣ ಒಣಗಿ ಬೆಳ್ಳಗೆ ಬಿಟ್ಟುಕೊಂಡಿತ್ತು. ಕೆಳಗಿನ ಕಾರಣೆಯೂ ಆಗಲೇ ಆರಿತ್ತು. ನನ್ನ ಬಿರುಕು ಇಲ್ಲ, ಮಸಿ ಇಲ್ಲ. ಅದಕ್ಕಿಂತ ಹೆಚ್ಚು ನೋಡಲು ನನ್ನ ಕಣ್ಣಿಗೆ ಆಗಲಿಲ್ಲ.

"ಏನ್ ಮಾಡ್ಬುಟ್ಟೆ ದೊಡ್ಡವ್ವ!"

"ಇನ್ನೇನ್ ಮಾಡ್ಲಮ್ಮಿ? ಮಂಡ್ಯದೋರೆಲ್ಲ ನೋಡಾಕ್ ಬತ್ತಾರೆ ಅಂತೀಯ. ಸುಣ್ಣ ಕಾಣದ ಗೋಡೆ ತಕ್ಕೊಂಡೋಗಿ ಅವ್ರ ಮುಂದೆ ಇಟ್ರೆ, ಆ ಮನೇಲಿ ಎಂಗಸ್ರೇ ಇರ್ನಿಲ್ವಾ ಅನ್ನಾಕಿಲ್ವಾ?"

"ಅದು ಗೋಡೆ ಅಲ್ಲ, ಚಿತ್ರ!"

"ಯಾರ್ ಗೋಡೆ ಚಿತ್ರ? ನಂದಲ್ವಾ?"

ಅವಳ ಮಾತು ಸರಿ ಅನ್ನಿಸಿದಷ್ಟೂ ನನ್ನ ಸಿಟ್ಟು ಇಮ್ಮಡಿಯಾಯಿತು. "ನೀನು ಮಂಡ್ಯಕ್ಕೆ ಬರಾದೇ ಬ್ಯಾಡ" ಎಂದುಬಿಟ್ಟೆ. ಅವಳ ಮುಖ ಚಿಕ್ಕದಾಯಿತು. ಆಗಲೂ ನಾನು ನಿಲ್ಲಲಿಲ್ಲ. ಚಿತ್ರಗಳನ್ನು ಹಳೆ ಸೀರೆಗಳಲ್ಲಿ ಸುತ್ತಿ, ನೀರನ್ನೂ ಕುಡಿಯದೆ ಬಸ್ಸು ಹತ್ತಿದೆ. "ಏನಮ್ಮ ಅದು, ಕನ್ನಡಿಯಾ?" ಎಂದು ಕಂಡಕ್ಟರ್ ಕೇಳಿದರೆ ಅವರ ಮೇಲೂ ರೇಗಿದೆ.

ಅಂಗಡಿಯ ಮಹಡಿಯಲ್ಲಿ ಮೇಷ್ಟ್ರು ಚಿತ್ರಕ್ಕೆ ಸುತ್ತಿದ್ದ ಸೀರೆ ಬಿಚ್ಚಿ ನೋಡಿದರು. ಬೈಯಲಿಲ್ಲ. "ಸುಣ್ಣ ತಾನೇ? ನಿನ್ನ ಬಣ್ಣ ಗಟ್ಟಿ ಐತೆ. ಒದ್ದೆ ಬಟ್ಟೆ ಆಡ್ಸಿದ್ರೆ ಬಿಟ್ಕೋತದೆ" ಎಂದು ಒಂದು ಬಕೆಟ್ ನೀರು, ಒಂದು ಬಟ್ಟೆ ಕೊಟ್ಟು ಗಿರಾಕಿ ನೋಡಲು ಕೆಳಗಿಳಿದರು.

ಮೇಲಿನ ಬಲಮೂಲೆಯಿಂದ ಶುರು ಮಾಡಿದೆ. ಅಂಗೈಯಗಲ ಒರೆಸಿದ್ದಕ್ಕೆ ನನ್ನ ಬಿರುಕು ಮತ್ತೆ ಕಂಡಿತು. ಜೀವ ಬಂದಂತಾಯಿತು. ಎರಡನೆಯ ಸಲ ಬಟ್ಟೆ ಹಿಂಡಿಕೊಂಡು ನಡುಭಾಗಕ್ಕೆ ಕೈ ಹಾಕಿದವಳು ಅಲ್ಲೇ ನಿಂತೆ. ಅಲ್ಲಿ ಸುಣ್ಣವೇ ಇರಲಿಲ್ಲ. ರೊಟ್ಟಿಯಗಲ ನನ್ನ ಬಣ್ಣ ಹಾಗೇ ಇತ್ತು.

ಕೈತಪ್ಪಿ ಬಿಟ್ಟಿರಬೇಕು ಎಂದುಕೊಂಡೆ. ಬಗ್ಗಿ ನೋಡಿದರೆ ಹಾಗಿರಲಿಲ್ಲ. ಬಿರುಕಿನ ಮೇಲೆ, ಮಸಿಯ ಮೇಲೆ, ತುಕ್ಕಿನ ಮೇಲೆ ಕುಂಚ ನೇರವಾಗಿ ಹೋಗಿತ್ತು. ದೊಡ್ಡಪ್ಪನ ತಲೆಯ ಜಾಗ ಬಂದಾಗ ಮಾತ್ರ ಸುತ್ತಲೂ ತಿರುಗಿಕೊಂಡು ಹೋಗಿತ್ತು, ಒಂದು ಕೂದಲೆಳೆಯಷ್ಟೂ ಒಳಗೆ ಬಾರದ ಹಾಗೆ. ಮನೆಯ ಕೊಳೆಗೆಲ್ಲ ನಾಚಿದವಳಿಗೆ ಅದೊಂದನ್ನು ಮುಚ್ಚಲು ಮನಸ್ಸು ಬಂದಿರಲಿಲ್ಲ. ಬಟ್ಟೆಯನ್ನು ಬಕೆಟಿಗೆ ಹಾಕಿ ನೆಲದ ಮೇಲೆ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಸಂಜೆ ಅಣ್ಣನ ಫೋನಿಗೆ ಮಾಡಿ ದೊಡ್ಡವ್ವನಿಗೆ ಕೊಡಿಸಿದೆ.

"ಭಾನ್ವಾರ ಬಾ ದೊಡ್ಡವ್ವ."

"ಬರಬ್ಯಾಡ ಅಂದ್ಯಲ್ಲ."

"ಅಂದೆ, ತಪ್ಪಾಯ್ತು. ಈಗ ಬಾ ಅಂತಿವ್ನಿ."

"ಕೋಳಿ ನೋಡ್ಕಳೋರ್ ಯಾರು?" ಎಂದು ಫೋನಿಟ್ಟಳು.

ಭಾನುವಾರ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಬಂದರು. ನನ್ನ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರು, ಮೇಷ್ಟ್ರ ಗಿರಾಕಿಗಳು, ಪಕ್ಕದ ಹೋಟೆಲಿಗೆ ಕಾಫಿ ಕುಡಿಯಲು ಬಂದು ಮೇಲೆ ಹತ್ತಿದವರು. ಸುಣ್ಣದ ಸಮೇತ ತೂಗುಹಾಕಿದ್ದ ಗೋಡೆಯ ಚಿತ್ರದ ಮುಂದೆ ಎಲ್ಲರೂ ನಿಲ್ಲುತ್ತಿದ್ದರು. ನಿವೃತ್ತ ಅಧಿಕಾರಿಯೊಬ್ಬರು ಇದು ಯಾವ ಟೆಕ್ನಿಕ್ ಎಂದು ಕೇಳಿದರು. ಯುಗಾದಿ ಟೆಕ್ನಿಕ್ ಸಾರ್ ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ನನ್ನ ಕಣ್ಣು ಮಾತ್ರ ಮೆಟ್ಟಿಲಿನ ಕಡೆಗೇ ಇತ್ತು. ಮಧ್ಯಾಹ್ನ ಊಟದ ಹೊತ್ತು ಕಳೆದರೂ ಅವಳು ಬರಲಿಲ್ಲ. ಬಂದವರು ಹೊಗಳಿದ್ದು ಯಾವುದೂ ನನ್ನ ಕಿವಿಗೆ ಹೋಗಲಿಲ್ಲ.

ಮೂರು ಗಂಟೆಯ ಮೇಲೆ ಅಣ್ಣನ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಹೊಸ ಸೀರೆ, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಸೀದಾ ಗೋಡೆಯ ಮುಂದೆ ನಿಂತು ಮೊದಲು ಕಾರಣೆ ನೋಡಿದಳು.

"ಇಲ್ಲಿ ಡೊಂಕಾಗೋಗದೆ. ಉಸ್ರು ಸಾಲ್ನಿಲ್ಲ." ಆಮೇಲೆ ಮೇಲೆ ನೋಡಿ, "ಈ ಮೂಲೆ ಯಾರಮ್ಮಿ ಕೆಡ್ಸಿದ್ದು?"

"ನಾನೇ."

"ಓಗ್ಲಿ ಬುಡು, ಸರಿ ಮಾಡ್ಬೌದು."

ಚಿತ್ರದ ಕೆಳಗೆ ಅಂಟಿಸಿದ ಚೀಟಿಯನ್ನು ಅವಳಿಗೆ ಓದಿ ಹೇಳಿದೆ: ಗೋಡೆ ಬರೆದದ್ದು ನಾನು, ಸುಣ್ಣ ಮತ್ತು ಕಾರಣೆ ನಮ್ಮ ದೊಡ್ಡವ್ವನದು. ಅವಳು ಸೆರಗು ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ ಕೈ ಚಾಚಿದಳು. ಚಿತ್ರಗಳನ್ನು ಮುಟ್ಟಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದ ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿದೆ.

ದೊಡ್ಡವ್ವ ಆ ಕಲೆಯ ಮೇಲೆ ಅಂಗೈ ಇಟ್ಟಳು. ಆಮೇಲೆ ಕೈ ತೆಗೆದು, ಅಂಗೈ ತಿರುಗಿಸಿ ನೋಡಿ, ಬೆರಳಿಗೆ ಬೆರಳು ಉಜ್ಜಿದಳು.

"ಎಣ್ಣೆ ಅಂಟಾಕಿಲ್ಲ ಕಣಮ್ಮಿ" ಅಂದಳು.