ಸ್ವೆಟರ್ ಇಲ್ಲದ ಫೋಟೋ

ಚಳಿಗಾಲದಲ್ಲಿ ಮಂಗಳೂರಿಗೆ ಏನು ಹಾಕ್ಕೊಂಡು ಹೋಗ್ಬೇಕು ಅಂತ ನನ್ನನ್ನು ಮಾತ್ರ ಕೇಳಬೇಡಿ ಮಾರಾಯ್ರೇ.

ಬೆಳಿಗ್ಗೆ ಮೂಡಿಗೆರೆ ಬಿಡುವಾಗ ಅಮ್ಮ ರೇಷ್ಮೆ ಸೀರೆಯ ಮೇಲೆ, ತೋಟಕ್ಕೆ ಹಾಕುವ ಹಸಿರು ಸ್ವೆಟರ್ ಏರಿಸಿದ್ದಳು. ಹೊರಟಿದ್ದು ಅವಳ ಒಬ್ಬನೇ ತಮ್ಮನ ಮಗಳ ಮದುವೆಗೆ. "ಅಲ್ಲಿ ಬೆವರು ಸುರಿಯುತ್ತೆ, ಸ್ವೆಟರ್ ಯಾರು ಹಾಕ್ತಾರೆ? ಫೋಟೋ ಎಲ್ಲ ಹಾಳು!" ಅಂತ ರೇಗಿದೆ. "ಬ್ಯಾಗಲ್ಲಾದ್ರೂ ಇರ್ಲಿ ಮಾರಾಯ್ತಿ" ಅಂದಳು. ಅದಕ್ಕೂ ಬಿಡದೆ ಬಿಚ್ಚಿಸಿ ಮನೆಯಲ್ಲೇ ಇಟ್ಟೆ.

ಮಂಗಳೂರಲ್ಲಿ ಸೆಖೆಯೇನೋ ಇತ್ತು. ಆದರೆ ಮದುವೆ ಹಾಲ್‌ಗೆ ಎಸಿ! ನಮ್ಮ ದೇವರಮನೆ ಗುಡ್ಡದ ಗಾಳಿಯೇ ವಾಸಿ. ನನಗೆ ಮಾತ್ರ ಆ ಚಳಿ ಗೊತ್ತೇ ಆಗಲಿಲ್ಲ. ನಾನು ಹಾಕಿದ್ದು ಉದ್ದ ತೋಳಿನ ವೆಲ್ವೆಟ್ ಬ್ಲೌಸ್.

ತಾಳಿ ಕಟ್ಟಿ, ಫೋಟೋ ಗಲಾಟೆಯೂ ಮುಗಿದ ಮೇಲೆ ನೋಡಿದರೆ ಅಮ್ಮ ಇಲ್ಲ. ಹೊರಗೆ, ಸಾಲಾಗಿ ನಿಂತ ಕಾರುಗಳ ಪಕ್ಕ ಬಿಸಿಲಿಗೆ ಕೂತಿದ್ದಳು, ಸೆರಗು ಕಿವಿವರೆಗೂ ಹೊದ್ದು. "ಒಳಗೆ ನಡುಕ ಬಂತು. ಇಲ್ಲಿ ಬೆಚ್ಚಗಿದೆ" ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ತಾಳಿ ಕಟ್ಟಾಯ್ತಾ?"

ಈಗಷ್ಟೇ ಮಾವ ಗ್ರೂಪಿಗೆ ಫೋಟೋ ಹಾಕಿದ್ದಾರೆ. ನಾನು ಬಯಸಿದ ಹಾಗೇ ಬಂದಿದೆ. ಸ್ವೆಟರ್ ಇಲ್ಲ. ಅಮ್ಮನೂ ಇಲ್ಲ.