ನಮ್ಮ ಗೇಟಿನ ಬಳಿ ಇಳಿಯುವ ಸೈರನ್

ಅವರ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪು. ಆಂಬುಲೆನ್ಸಿನ ಕಿಟಕಿಯ ಮೇಲೆ ಮೊಣಕೈ ಊರಿ ವರ್ಷಗಟ್ಟಲೆ ಬಿಸಿಲು ಕುಡಿದ ಕೈ ಅದು. ಎರಡನ್ನೂ ಪಕ್ಕಪಕ್ಕ ಚಾಚಿ, ಇವು ಒಂದೇ ತಾಯಿಯ ಮಕ್ಕಳೆಂದರೆ ಯಾರೂ ನಂಬುವುದಿಲ್ಲ ಎಂದು ಅವರೇ ನಗಿಸುತ್ತಿದ್ದರು. ಉಪ್ಪುಂದದಲ್ಲಿ ಹೆದ್ದಾರಿಗೆ ತಾಗಿಕೊಂಡೇ ನಮ್ಮ ಮನೆ, ಹಿಂದಿನ ಓಣಿಯಲ್ಲಿ ಅವರದು. ನಮಗೆಲ್ಲ ಅವರು ಡ್ರೈವರಣ್ಣ.

ಆಸ್ಪತ್ರೆಯಿಂದ ಮರಳಿದ ಮೇಲೆ, ವ್ಯಾನು ತೊಳೆಯುವ ಮೊದಲು ಅವರು ಸ್ಟ್ರೆಚರಿನ ಅಡಿಗೆ ಕೈಹಾಕಿ ತಡಕುತ್ತಿದ್ದರು. ಬಳೆ, ಕನ್ನಡಕ, ಮಗುವಿನ ಒಂಟಿ ಕಾಲುಚೀಲ, ಏನು ಸಿಕ್ಕರೂ ಬಿಸ್ಕತ್ತಿನ ಡಬ್ಬಿಗೆ ಹಾಕಿಟ್ಟು, ಆ ಕಡೆ ಹೋದಾಗ ಮನೆ ಹುಡುಕಿ ಕೊಡುವರು. ರೋಗಿ ಹೇಗಿದ್ದಾರೆಂದು ಮಾತ್ರ ಕೇಳುತ್ತಿರಲಿಲ್ಲ. ಮನೆಯವರು ತಾವಾಗಿ ಹೇಳಿದರೆ ನಿಂತು ಕೇಳುವರು.

ನನಗೆ ಅವರ ಸೈರನ್ನಿನದೇ ಸಂಕಟ. ಬೈಂದೂರಿನ ಕಡೆಯಿಂದ ಎತ್ತರದ ಸ್ವರದಲ್ಲಿ ಕೂಗುತ್ತ ಬಂದದ್ದು ನಮ್ಮ ಗೇಟು ದಾಟಿದ್ದೇ ಇಡಿಯಾಗಿ ಒಂದು ಮೆಟ್ಟಿಲು ಕೆಳಗೆ ಜಾರುತ್ತಿತ್ತು, ಒಳಗಿದ್ದವರ ಜೀವ ಕುಸಿದ ಹಾಗೆ. ತೆಂಗಿನಕಾಯಿ ತುರಿಯುತ್ತಿದ್ದವಳು ಎದ್ದು ಕರಿಮಣಿ ಹಿಡಿದುಕೊಂಡು 'ಪಾಪ' ಅನ್ನುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ, ನಿಮ್ಮ ಸೈರನ್ ಸರಿಯಾಗಿ ನಮ್ಮ ಗೇಟಿನ ಹತ್ತಿರವೇ ಸೋಲುತ್ತದಲ್ಲ, ರಿಪೇರಿ ಮಾಡಿಸಬಾರದೇ ಎಂದು ಕೇಳಿದೆ.

"ಹ್ವಾಯ್ ಅಕ್ಕ, ನಿಮ್ಮನಿ ಗೇಟ್ ಹತ್ರ ಮಾತ್ರ ಅಲ್ಲ, ಎಲ್ಲರ ಗೇಟ್ ಹತ್ರವೂ ಇಳಿತ್" ಎಂದು ನಕ್ಕರು.

ಆಮೇಲೆ ನನಗೇ ನಾಚಿಕೆಯಾಯಿತು. ಶಬ್ದ ಹತ್ತಿರ ಬರುವಾಗ ಅದರ ಅಲೆಗಳು ಒತ್ತೊತ್ತಾಗಿ ಕಿವಿಗೆ ತಲುಪಿ ಸ್ವರ ಏರುತ್ತದೆ, ದೂರ ಹೋಗುವಾಗ ಬಿಡಿಬಿಡಿಯಾಗಿ ಸ್ವರ ಇಳಿಯುತ್ತದೆ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಚಿತ್ರ ಬರೆಸಿದ್ದರು. ಪೂರ್ತಿ ಅಂಕ ತೆಗೆದವಳು ನಾನು. ಆದರೂ ಮರುದಿನ ಸೈರನ್ ಇಳಿದಾಗ ಕೈ ಕರಿಮಣಿಗೇ ಹೋಯಿತು.

ಒಂದು ಬೆಳಿಗ್ಗೆ ನನ್ನ ಯಜಮಾನರು ಅರ್ಧ ಗಡ್ಡ ಹೆರೆದವರು ಎದೆ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ಕೂತುಬಿಟ್ಟರು. ಡ್ರೈವರಣ್ಣ ಓಡಿ ಬಂದರು. ವ್ಯಾನಿನ ಹಿಂಬದಿಯಲ್ಲಿ ಯಜಮಾನರ ಕೈ ಹಿಡಿದು ಕೂತವಳಿಗೆ ಒಂದೇ ಯೋಚನೆ, ಸೈರನ್ ಯಾವಾಗ ಇಳಿಯುತ್ತದೋ ಎಂದು. ಮರವಂತೆಯಲ್ಲಿ ಕಡಲ ಬದಿಗೆ ನಿಂತ ಹೆಂಗಸೊಬ್ಬಳು ನಮ್ಮನ್ನು ಕಂಡು ಕರಿಮಣಿ ಮುಟ್ಟಿಕೊಂಡಳು. ಅವಳಿಗೆ ಇಳಿದು ಕೇಳಿತು, ಅವಳು 'ಪಾಪ' ಅಂದಳು ಎಂದುಕೊಂಡೆ. ತಡೆಯಲಾರದೆ ನಡುವಿನ ಕಿಂಡಿಯಿಂದ ಕೂಗಿ ಕೇಳಿದೆ: "ಅಣ್ಣ, ಸೈರನ್ ಇಳೀತಾ?"

ಅವರು ತಿರುಗಲಿಲ್ಲ. ಕಪ್ಪು ಮೊಣಕೈ ಮಾತ್ರ ಕಾಣುತ್ತಿತ್ತು.

"ಒಳ್ಗ್ ಕೂತರಿಗೆ ಅದ್ ಇಳಿತಿಲ್ಲೆ ಅಕ್ಕ. ರಸ್ತಿ ಬದಿಗೆ ನಿಂತರಿಗೆ ಮಾತ್ರ. ನೀವ್ ಅವ್ರ್ ಕೈ ಬಿಡ್ಬೇಡಿ."

ಕಿವಿಗೊಟ್ಟೆ. ನಿಜ. ಕುಂದಾಪುರ ದಾಟಿತು, ಬ್ರಹ್ಮಾವರ ದಾಟಿತು, ಹೊರಟಾಗಿನ ಎತ್ತರದಲ್ಲೇ ಕೂಗುತ್ತಿತ್ತು. ಸಿಸ್ಟರ್ ಬರೆಸಿದ ಚಿತ್ರದಲ್ಲಿ ರಸ್ತೆ ಬದಿಗೊಂದು ಕಿವಿ ಇತ್ತು, ಬಂಡಿಯೊಳಗೆ ಯಾರೂ ಇರಲಿಲ್ಲ.

ನಾಲ್ಕನೆಯ ದಿನ ಡ್ರೈವರಣ್ಣ ಆಸ್ಪತ್ರೆಯ ವರಾಂಡಕ್ಕೆ ಬಂದು, ಪೇಪರಿನಲ್ಲಿ ಸುತ್ತಿದ ನನ್ನ ಒಂದು ಚಪ್ಪಲಿ ಕೊಟ್ಟರು. ಏನೂ ಕೇಳಲಿಲ್ಲ. ನಾನೇ ಹೇಳಿದೆ, ಅಪಾಯ ಕಳೆಯಿತಂತೆ, ಗಂಜಿ ಕುಡಿದರು, ಉಪ್ಪು ಸಾಲದು ಎಂದು ನರ್ಸಮ್ಮನ ಹತ್ತಿರ ಜಗಳವೂ ಆಯಿತು. ಕೊನೆಯ ತನಕ ನಿಂತು ಕೇಳಿ, "ಅವ್ರ್ ಜಗಳ ಮಾಡಿರಾ? ಹಾಂಗಾರೆ ಆಯ್ತ್" ಎಂದು ಹೊರಟರು.

ಕಳೆದ ಮಳೆಗಾಲದಲ್ಲಿ ಡ್ರೈವರಣ್ಣ ತೀರಿಕೊಂಡರು. ನಿದ್ರೆಯಲ್ಲೇ ಹೋದದ್ದು, ಸೈರನ್ ಬೇಕಾಗಲಿಲ್ಲ. ಆ ವ್ಯಾನನ್ನು ಈಗ ಬೇರೆಯವರು ಓಡಿಸುತ್ತಾರೆ.

ಇವತ್ತು ಬೆಳಿಗ್ಗೆಯೂ ಹೋಯಿತು. ನಮ್ಮ ಗೇಟಿನ ಹತ್ತಿರ ಬಂದದ್ದೇ ಎಂದಿನಂತೆ ಒಂದು ಮೆಟ್ಟಿಲು ಇಳಿಯಿತು. ಜಗಲಿಯಲ್ಲಿ ಗಡ್ಡ ಹೆರೆಯುತ್ತಿದ್ದ ಯಜಮಾನರು ಕತ್ತಿ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು 'ಪಾಪ' ಅನ್ನಲಿಲ್ಲ. ಒಳಗೆ ಯಾರೋ ಯಾರದೋ ಕೈ ಹಿಡಿದು ಕೂತಿರುತ್ತಾರೆ, ಅವರಿಗೆ ಅದಿನ್ನೂ ಇಳಿದಿಲ್ಲ.