ಒಡಪಿಗೆ ಸೇರಿದ ಸಾಲು

ನಮ್ಮ ಮನೆತನದ ಮದುವೆಗಳಲ್ಲಿ ಗುಗ್ಗಳ ತಿರುಗಿ ಬರದೆ ವಧೂವರರ ಮೇಲೆ ಅಕ್ಕಿಕಾಳು ಬೀಳುವುದಿಲ್ಲ. ಗುಗ್ಗಳವೆಂದರೆ ಉರಿಯುವ ಕೊಡ ಹೊತ್ತ ವೀರಭದ್ರನ ಮೆರವಣಿಗೆ. ಅದರ ಮುಂದೆ ಪುರವಂತರು ಕತ್ತಿ ಹಿಡಿದು ಕುಣಿಯುತ್ತಾರೆ. ಕುಣಿತಕ್ಕೆ ಮೊದಲು ಏರುದನಿಯಲ್ಲಿ ವೀರಭದ್ರನನ್ನು ಕೊಂಡಾಡುವ ಒಡಪು ಹೇಳಲೇಬೇಕು. ಅದಿಲ್ಲದೆ ಕತ್ತಿ ಮೇಲೇಳುವಂತಿಲ್ಲ.

ಈ ಒಡಪು ಹುಟ್ಟಿದ್ದೆಲ್ಲಿ ಎಂಬ ವಾದ ನಮ್ಮ ಪುರವಂತ ಕಾಕಾನಿಗೂ ಅವರ ಕುಣಿತಕ್ಕೆ ಸಮಾಳವೆಂಬ ಚರ್ಮವಾದ್ಯ ಬಾರಿಸುವ ಮುಸಲ್ಮಾನ ಮಾಮಾನಿಗೂ ಮುಗಿದದ್ದೇ ಇಲ್ಲ. ದಕ್ಷನ ಯಜ್ಞದಲ್ಲಿ ವೀರಭದ್ರನ ಬಾಯಿಂದಲೇ ಬಂದದ್ದು ಎಂದು ಕಾಕಾ. ಕತ್ತಿ ಬೀಸುವ ಮೊದಲು ಮಂದಿಯನ್ನು ದೂರ ನಿಲ್ಲಿಸಲು ಯಾರೋ ಕೂಗಿದ್ದೇ ಹಾಡಾಯಿತು ಎಂದು ಮಾಮಾ.

ತೊಂಬತ್ತರ ದಶಕದಲ್ಲಿ ದೊಡವಾಡದಲ್ಲಿ ನನ್ನ ಮಗಳ ಮದುವೆ. ಬೆಳಗಿನ ಕೆಲಸಗಳನ್ನೆಲ್ಲ ಶಾಲೆಯ ಗಂಟೆಯಂತೆ ಹೊಂದಿಸಿದ್ದೆ. ಕಾಕಾ ಕಾವಿ ತೊಟ್ಟು ಅಂಗಳಕ್ಕೆ ಬಂದರು. ಬಾಯಿ ತೆರೆದರೆ ದನಿಯೇ ಇಲ್ಲ! ಹಿಂದಿನ ದಿನ ಬೈಲಹೊಂಗಲದ ಮದುವೆಯಲ್ಲಿ ಒಡಪು ಹೇಳಿ ಗಂಟಲು ಕಟ್ಟಿತ್ತು. ಬೇರೆ ಪುರವಂತರನ್ನು ಕರೆಸುವಷ್ಟರಲ್ಲಿ ಮುಹೂರ್ತ ಮೀರುತ್ತಿತ್ತು. ಕೊಡಗಳು ಆಗಲೇ ಉರಿಯುತ್ತಿದ್ದವು. ನನ್ನ ಎದೆಯೂ ಹಾಗೇ ಇತ್ತು.

ಮಾಮಾ ಸಮಾಳದ ಪಟ್ಟಿ ಬಿಗಿದುಕೊಂಡು ಎದ್ದರು.

“ನೀ ಕುಣಿಯೋ ದೋಸ್ತ, ನಾ ಹೇಳತೇನಿ. ಮೊಹರಮ್ಮಿಗೆ ನೀ ನಮ್ಮ ಪದಾ ಹಾಡಂಗಿಲ್ಲೇನು?”

ಕಾಕಾ ನನ್ನ ಮುಖ ನೋಡಿದರು. ನಾನು ನಮ್ಮ ಅವ್ವನ ಮುಖ ನೋಡಿದೆ. ಅವ್ವ ಸೆರಗು ಸರಿಮಾಡಿಕೊಂಡು, ಹೇಳಲಿ ಬಿಡ್ರಿ, ತಡಾ ಆಗತೈತಿ ಎಂದಳು.

ಸಮಾಳ ಗುಡುಗಿತು. ಎಷ್ಟೋ ವರ್ಷ ಕಾಕಾನ ಬೆನ್ನ ಹಿಂದೆ ನಿಂತು ಕೇಳಿದ ಒಡಪು ಮಾಮಾನ ಬಾಯಲ್ಲಿ ತಡೆಯಿಲ್ಲದೆ ಹರಿಯಿತು. ದಕ್ಷನ ಸೊಕ್ಕು, ಶಿವನ ಜಡೆ, ವೀರಭದ್ರನ ಹುಟ್ಟು. ಅಷ್ಟರಲ್ಲಿ, ಅದೇ ಏರುದನಿಯಲ್ಲಿ, ಅವರದೇ ಒಂದು ಸಾಲು:

“ಕತ್ತಿ ಬರಾಕ ಹತ್ತೈತಿ, ಕೂಸ ಎತ್ತಿಕೊಂಡವ್ರ ಹಿಂದ ಸರೀರಿ!”

ಹೆಂಗಸರು ನಗುತ್ತ ಸರಿದರು. ನಾನೂ ಸರಿದೆ. ತೆರೆದ ಜಾಗದಲ್ಲಿ ಕಾಕಾನ ಕತ್ತಿ ಬಿಸಿಲಿಗೆ ಮಿಂಚಿ ಮೇಲೆದ್ದಿತು. ಗುಗ್ಗಳ ಹೊರಟಿತು, ಹೊತ್ತಿಗೆ ತಿರುಗಿಯೂ ಬಂತು. ಅಕ್ಕಿಕಾಳು ಬಿದ್ದ ಮೇಲೆ ಕಾಕಾ ಕೈಸನ್ನೆಯಲ್ಲೇ ಮಾಮಾನೊಡನೆ ಜಗಳಕ್ಕೆ ನಿಂತರು: ಆ ಸಾಲು ಒಡಪಿನಲ್ಲಿಲ್ಲ.

ಮುಂದೆ ಸವದತ್ತಿಯ ಒಂದು ಮದುವೆಯಲ್ಲಿ ಕಾಕಾನ ಒಡಪು ಕೇಳಿದೆ. ಗಂಟಲು ಗಂಟೆಯಂತಿತ್ತು. ನಡುವೆ ಅದೇ ಸಾಲು ಬಂತು, ಮಂದಿ ಸರಿದರು. ಕುಣಿತ ಮುಗಿದ ಮೇಲೆ, ಇದು ಎಲ್ಲಿಂದ ಬಂತು ಕಾಕಾ ಎಂದು ಕೇಳಿದೆ.

ಕಾಕಾ ಬೆವರು ಒರೆಸಿಕೊಂಡರು. ಮಾಮಾ ಸಮಾಳದ ಮೇಲೆ ಕೈಯಿಟ್ಟು ಕಾಯುತ್ತಿದ್ದರು.

“ದಕ್ಷನ ಯಜ್ಞದಾಗಿಂದ” ಎಂದರು ಕಾಕಾ.